ಮುಂದೇನು? – ಕರಿಕೋಟಿನ ಲೆಕ್ಕ



ಕಳೆದ ಎರಡು ಸಂಚಿಕೆಗಳಲ್ಲಿ ಲೆಕ್ಕಪರಿಶೋಧನೆ ಮತ್ತು ಬ್ಯಾಂಕ್ ಪರೀಕ್ಷೆಗಳ ಕುರಿತು ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ನಾಲ್ಕೈದು ಒಂದೇ ವಿಷಯ ಕೇಳಿವೆ: ಕಾನೂನು ಓದಿದರೆ ಹೇಗೆ? ಅವುಗಳಲ್ಲಿ ಒಂದು ಪತ್ರ ನನಗೆ ಹಿಡಿಸಿತು. ಬರೆದವಳು ಹನ್ನೆರಡನೆಯ ತರಗತಿಯ ಹುಡುಗಿ. ಯಾವ ಲಾ ಸ್ಕೂಲು ಒಳ್ಳೆಯದು, ದೊಡ್ಡ ಲಾ ಫರ್ಮುಗಳಲ್ಲಿ ಎಷ್ಟು ಕೊಡುತ್ತಾರೆ ಎಂದು ಅವಳ ಪ್ರಶ್ನೆ. ಅದೇ ಹಾಳೆಯ ಕೆಳಗೆ ಬೇರೆ ಶಾಯಿಯಲ್ಲಿ ಅವಳ ತಂದೆಯ ಎರಡು ಸಾಲು: "ವಕೀಲಿಯೆಂದರೆ ಹತ್ತು ವರ್ಷ ಹೊಟ್ಟೆಗೆ ತಣ್ಣೀರು ಬಟ್ಟೆ ಎಂದು ನಾವು ಕೇಳಿ ಬೆಳೆದವರು. ಇವಳು ಲಕ್ಷಗಳ ಮಾತಾಡುತ್ತಾಳೆ. ಯಾವುದು ನಿಜ, ಸ್ವಲ್ಪ ಬರೆಯಿರಿ."

ಎರಡೂ ನಿಜ. ಒಂದೇ ಕರಿಕೋಟಿನ ಹೆಸರಿನಲ್ಲಿ ಇಂದು ಎರಡು ಬೇರೆ ಬೇರೆ ಕಸುಬುಗಳಿವೆ. ತಂದೆ ಒಂದರ ಬಗ್ಗೆ ಕೇಳಿದ್ದಾರೆ, ಮಗಳು ಇನ್ನೊಂದರ ಬಗ್ಗೆ. ಇವೆರಡನ್ನು ಕಲಸಿ ನೋಡುವುದರಿಂದಲೇ ಅನೇಕ ಮನೆಗಳಲ್ಲಿ ಜಗಳ.

ಮೊದಲು ಮಗಳ ಕಸುಬನ್ನು ನೋಡೋಣ. 1991ರಲ್ಲಿ ನಮ್ಮ ಆರ್ಥಿಕ ನೀತಿ ಸಡಿಲಗೊಂಡಾಗ ಹೊರದೇಶದ ಬಂಡವಾಳ ಬರತೊಡಗಿತು. ಕಂಪೆನಿಗಳು ಕಂಪೆನಿಗಳನ್ನು ಕೊಳ್ಳತೊಡಗಿದವು. ಹೀಗೆ ಕೊಳ್ಳುವಾಗ ನೂರಾರು ಪುಟಗಳ ಕರಾರು ಬರೆಯಬೇಕು, ಹಳೆಯ ಸಾಲ, ತೆರಿಗೆ, ಜಮೀನಿನ ದಾಖಲೆಗಳನ್ನೆಲ್ಲ ಜಾಲಾಡಬೇಕು. 2002ರ ಸ್ಪರ್ಧಾ ಕಾಯಿದೆ, 2013ರ ಕಂಪೆನಿ ಕಾಯಿದೆ, 2016ರ ದಿವಾಳಿ ಸಂಹಿತೆ, ಒಂದೊಂದೂ ಹೊಸ ಕೆಲಸ ತಂದಿತು. ಇದನ್ನೆಲ್ಲ ಮಾಡುವವರು ಲಾ ಫರ್ಮಿನವರು. ಹಳೆಯ ಅಮರಚಂದ್ ಮಂಗಳದಾಸ್ ಸಂಸ್ಥೆ 2015ರಲ್ಲಿ ಅಣ್ಣ ತಮ್ಮಂದಿರ ನಡುವೆ ಎರಡಾಯಿತು. ಆ ಎರಡರ ಜೊತೆಗೆ ಖೈತಾನ್, ಎ.ಜಡ್.ಬಿ., ಟ್ರೈಲೀಗಲ್, ಜೆ.ಎಸ್.ಎ. ಮುಂತಾದವು ಇಂದಿನ ದೊಡ್ಡ ಹೆಸರುಗಳು. ಇಂಥ ಕಡೆ ಹೊಸದಾಗಿ ಸೇರುವವರಿಗೆ ವರ್ಷಕ್ಕೆ ಸುಮಾರು 15 ಲಕ್ಷ, ಕೆಲವೆಡೆ ಇನ್ನೂ ಮೇಲೆ. ಇದು ಸುಳ್ಳಲ್ಲ.

ಇಷ್ಟು ಯಾಕೆ ಕೊಡುತ್ತಾರೆ? ಗಂಟೆಯ ಲೆಕ್ಕದಲ್ಲಿ ಕಂಪೆನಿಗಳಿಂದ ಅದಕ್ಕಿಂತ ಎಷ್ಟೋ ಹೆಚ್ಚು ವಸೂಲು ಮಾಡುತ್ತಾರೆ, ಅದಕ್ಕೇ. ಕಿರಿಯ ವಕೀಲ ದಿನಕ್ಕೆಷ್ಟು ಗಂಟೆ ಯಾವ ಕಕ್ಷಿದಾರನಿಗಾಗಿ ಕೆಲಸ ಮಾಡಿದ ಎಂಬುದನ್ನು ಬರೆದಿಡಬೇಕು, ಅದೇ ಬಿಲ್ಲು. ವ್ಯವಹಾರ ಮುಗಿಯುವ ವಾರದಲ್ಲಿ ರಾತ್ರಿ ಎರಡು ಗಂಟೆಗೆ ಮನೆ ಸೇರಿದರೆ ಪುಣ್ಯ. ಇನ್ನೊಂದು ವಿಷಯ ಹುಡುಗರಿಗೆ ಯಾರೂ ಮೊದಲೇ ಹೇಳುವುದಿಲ್ಲ. ಈ 'ಸಂಬಳ' ಅನೇಕ ಕಡೆ ಸಂಬಳವೇ ಅಲ್ಲ, ರಿಟೇನರ್ ಶುಲ್ಕ. ಶೇಕಡ 10 ತೆರಿಗೆ ಮುರಿದುಕೊಂಡು ಉಳಿದದ್ದು ಕೈಗೆ. ಭವಿಷ್ಯನಿಧಿ, ಗ್ರಾಚ್ಯುಟಿ ಮುಂತಾದ ನೌಕರರ ಸೌಲಭ್ಯಗಳು ಅದರಲ್ಲಿ ಇರುವುದಿಲ್ಲ. ಆದ್ದರಿಂದ ಅಂಕಿ ಕೇಳಿದ ಕೂಡಲೇ ಬ್ಯಾಂಕಿನ ಅಥವಾ ಇಂಜಿನಿಯರನ ಸಂಬಳದ ಜೊತೆ ಹೋಲಿಸಬೇಡಿ.

ಈ ಫರ್ಮುಗಳ ಬಾಗಿಲು ಎಲ್ಲರಿಗೂ ಸಮನಾಗಿ ತೆರೆಯುವುದಿಲ್ಲ. ಕಾಲೇಜಿನ ಹೆಸರಿಗೆ ಬೆಲೆ ಬಂದದ್ದು ಇಲ್ಲಿಯೇ. ದೇಶದಲ್ಲಿ ಸಾವಿರಕ್ಕೂ ಹೆಚ್ಚು ಕಾನೂನು ಕಾಲೇಜುಗಳಿವೆ. ದೊಡ್ಡ ಫರ್ಮುಗಳು ಕ್ಯಾಂಪಸ್ಸಿಗೆ ಹೋಗಿ ಹುಡುಗರನ್ನು ಆರಿಸುವುದು ಬೆರಳೆಣಿಕೆಯ ಕಾಲೇಜುಗಳಿಂದ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್, ಹೈದರಾಬಾದಿನ ನಲ್ಸಾರ್, ಕೋಲ್ಕತ್ತ, ದೆಹಲಿ, ಜೋಧಪುರ, ಗಾಂಧಿನಗರದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು, ಮತ್ತೆ ಕೆಲವು.

ಇವುಗಳ ಹಿರಿಯಕ್ಕ ನಮ್ಮ ಬೆಂಗಳೂರಿನದೇ. ಕರ್ನಾಟಕದ ಶಾಸನಸಭೆ 1986ರಲ್ಲಿ ಕಾಯಿದೆ ಮಾಡಿತು, ಪ್ರೊ. ಎನ್. ಆರ್. ಮಾಧವ ಮೆನನ್ ಸ್ಥಾಪಕ ನಿರ್ದೇಶಕರಾದರು. 1988ರಲ್ಲಿ ಮೊದಲ ತಂಡ ತರಗತಿಗೆ ಬಂತು. ಪದವಿಯ ಮೇಲೆ ಮೂರು ವರ್ಷ ಕಾನೂನು ಓದುವುದರ ಬದಲು ಪಿ.ಯು.ಸಿ. ಮುಗಿಸಿ ಬಂದವರನ್ನು ಐದು ವರ್ಷ ಪೂರ್ತಿ ತಿದ್ದುವ ಪದ್ಧತಿ ಅಲ್ಲಿ ಬೇರೂರಿ ದೇಶಕ್ಕೆಲ್ಲ ಹರಡಿತು. ಮೆನನ್ನರ ಮನಸ್ಸಿನಲ್ಲಿ ಇದ್ದದ್ದು ನ್ಯಾಯಾಲಯಗಳಿಗೂ ಬಡವರಿಗೂ ಒಳ್ಳೆಯ ವಕೀಲರು ಸಿಗಲಿ ಎಂಬುದು. ಆದರೆ ಮೊದಲ ತಂಡ ಹೊರಬಂದದ್ದು 1993ರಲ್ಲಿ. ಆಗಷ್ಟೇ ಪೇಟೆಯ ಬಾಗಿಲು ತೆರೆದಿತ್ತು. ಬೆಳೆದ ಪೈರಿನ ಬಹುಪಾಲು ಯಾವ ಗದ್ದೆಗೆ ಹೋಯಿತೆಂದು ಬಿಡಿಸಿ ಹೇಳಬೇಕಿಲ್ಲ.

ಈ ಕಾಲೇಜುಗಳಿಗೆ ಪ್ರವೇಶ 2008ರಿಂದ 'ಕ್ಲ್ಯಾಟ್' ಪರೀಕ್ಷೆಯ ಮೂಲಕ. ಈಗ 120 ಪ್ರಶ್ನೆ, ಎರಡು ಗಂಟೆ, ತಪ್ಪಿದರೆ ಕಾಲು ಅಂಕ ಕಡಿತ. ದೆಹಲಿಯ ವಿಶ್ವವಿದ್ಯಾಲಯದ್ದು ಬೇರೆ ಪರೀಕ್ಷೆ. ಒಂದು ಮಾತು ಹೊರನಾಡ ಕನ್ನಡಿಗರಾದ ನಮಗೆ ವಿಶೇಷವಾಗಿ ಅನ್ವಯಿಸುತ್ತದೆ. ಬೆಂಗಳೂರಿನ ಶಾಲೆಯಲ್ಲಿ 2021ರಿಂದ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇಕಡ 25 ಸ್ಥಾನಗಳನ್ನು ಇಟ್ಟಿದ್ದಾರೆ. ಓದಿದ ಕೂಡಲೇ ಅನೇಕ ಅಮ್ಮಂದಿರಿಗೆ ಸಂತೋಷವಾಗಿರಬೇಕು. ಆದರೆ 'ಕರ್ನಾಟಕದ ವಿದ್ಯಾರ್ಥಿ' ಎನಿಸಿಕೊಳ್ಳಲು ಕರ್ನಾಟಕದ ಶಾಲೆ ಕಾಲೇಜುಗಳಲ್ಲಿ ಹತ್ತು ವರ್ಷ ಓದಿರಬೇಕು. ಮನೆಮಾತು ಕನ್ನಡ, ಮನೆದೇವರು ಕರ್ನಾಟಕದಲ್ಲಿ ಎಂದರೆ ಸಾಲದು. ಡೊಂಬಿವಲಿಯಲ್ಲಿ ಓದಿದ ಕನ್ನಡದ ಹುಡುಗನಿಗೆ ಅದು ದಕ್ಕುವುದಿಲ್ಲ, ಬೆಂಗಳೂರಿನಲ್ಲಿ ಓದಿದ ಮಾರ್ವಾಡಿ ಹುಡುಗನಿಗೆ ದಕ್ಕುತ್ತದೆ. ಅದು ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ. ನಿಮ್ಮ ಅನುಕೂಲ ಇರುವುದು ನೀವು ಹುಟ್ಟಿ ಬೆಳೆದ ರಾಜ್ಯದಲ್ಲಿ. ಮಹಾರಾಷ್ಟ್ರದ ಮೂರು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಲ್ಲಿ, ಮುಂಬಯಿ, ನಾಗಪುರ ಮತ್ತು ಹಿಂದಿನ ಔರಂಗಾಬಾದಿನಲ್ಲಿ, ರಾಜ್ಯದ ವಾಸಿಗಳಿಗೆ ಮೀಸಲು ಸ್ಥಾನಗಳಿವೆ. ವಾಸ್ತವ್ಯದ ದಾಖಲೆಯನ್ನು ಈಗಲೇ ಮಾಡಿಸಿಟ್ಟುಕೊಳ್ಳಿ. ಕೊನೆಯ ವಾರದಲ್ಲಿ ತಹಸೀಲ್ದಾರರ ಕಚೇರಿಯ ಸಾಲಿನಲ್ಲಿ ನಿಂತು ಅಳುವವರು ಪ್ರತಿ ವರ್ಷ ಇರುತ್ತಾರೆ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಅದು ಶುಲ್ಕ.

ಈ ಹೆಸರಾಂತ ಕಾಲೇಜುಗಳಲ್ಲಿ ಶುಲ್ಕ, ವಸತಿ, ಊಟ ಸೇರಿ ವರ್ಷಕ್ಕೆ ಎರಡು ಮೂರು ಲಕ್ಷ, ಕೆಲವೆಡೆ ನಾಲ್ಕರ ಸಮೀಪ. ಮೂರರಂತೆ ಹಿಡಿದರೂ ಐದು ವರ್ಷಕ್ಕೆ 15 ಲಕ್ಷ. ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಇದು ಬ್ಯಾಂಕಿನ ಸಾಲ. ಶೇಕಡ 10ರ ಬಡ್ಡಿ, ತೀರಿಸಲು ಹತ್ತು ವರ್ಷ ಎಂದು ಲೆಕ್ಕ ಹಾಕಿ ನೋಡಿ. ತಿಂಗಳ ಕಂತು ಸುಮಾರು 19,800 ರೂಪಾಯಿ. ಓದುವ ಕಾಲದಲ್ಲಿ ಬೆಳೆಯುವ ಬಡ್ಡಿಯನ್ನು ನಾನು ಇದರಲ್ಲಿ ಸೇರಿಸಿಲ್ಲ.

ಇದರ ಪಕ್ಕಕ್ಕೆ ಇನ್ನೊಂದು ಅಂಕಿ ಇಡುತ್ತೇನೆ. ಕಿರಿಯ ವಕೀಲರ ಪಾಡು ನೋಡಿ ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಒಂದು ಸುತ್ತೋಲೆ ಹೊರಡಿಸಿತು. ಸೀನಿಯರ್ ವಕೀಲರು ತಮ್ಮ ಜೂನಿಯರುಗಳಿಗೆ ನಗರಗಳಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮಾಂತರದಲ್ಲಿ 15,000 ರೂಪಾಯಿ ಕೊಡಬೇಕೆಂಬ ಶಿಫಾರಸು ಅದು. ಶಿಫಾರಸು ಮಾತ್ರ, ಕಡ್ಡಾಯವಲ್ಲ. ಅಷ್ಟು ಕೊಡದ ಛೇಂಬರುಗಳು ಮುಂಬಯಿಯ ಕೋರ್ಟುಗಳ ಸುತ್ತ ಬೇಕಾದಷ್ಟಿವೆ.

ಅಂದರೆ, ಹೆಸರಾಂತ ಕಾಲೇಜಿನಲ್ಲಿ ಸಾಲ ಮಾಡಿ ಓದಿದವನು ಕೋರ್ಟಿಗೆ ಹೋಗುತ್ತೇನೆಂದರೆ, ಪರಿಷತ್ತು ಹೇಳಿದಷ್ಟೂ ಸಿಕ್ಕಿದರೂ ಬ್ಯಾಂಕಿನ ಕಂತಿಗೇ ಸರಿಹೋಗುತ್ತದೆ. ಲೋಕಲ್ ರೈಲಿನ ಪಾಸಿಗೆ ಅಪ್ಪನ ಮುಂದೆ ಕೈ ಚಾಚಬೇಕು. ಹೀಗಿರುವಾಗ ಅವನು ಫರ್ಮಿಗೆ ಹೋಗದೆ ಇನ್ನೆಲ್ಲಿಗೆ ಹೋದಾನು? "ಕಾರ್ಪೊರೇಟ್ ಕಾನೂನು ನನಗೆ ಇಷ್ಟ" ಎಂದು ಹೇಳಿಕೊಳ್ಳುತ್ತಾನೆ ಅಷ್ಟೆ. ಹದಿನೇಳನೆಯ ವಯಸ್ಸಿನಲ್ಲಿ ಸಾಲದ ಕಾಗದಕ್ಕೆ ಸಹಿ ಹಾಕಿದ ದಿನವೇ ಇಪ್ಪತ್ತಮೂರನೆಯ ವಯಸ್ಸಿನ ಕೆಲಸ ಗೊತ್ತಾಗಿಹೋಗಿರುತ್ತದೆ. ಫರ್ಮಿನ ಕೆಲಸ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕರಾರು ಬರೆಯುವುದರಲ್ಲಿ ಸುಖ ಕಾಣುವವರಿದ್ದಾರೆ, ಅವರು ಆ ದಾರಿಯಲ್ಲೇ ಹೋಗಲಿ. ಆದರೆ ಅಪರಾಧ ಪ್ರಕರಣ ನಡೆಸಬೇಕು, ನ್ಯಾಯಾಧೀಶೆಯಾಗಬೇಕು ಎಂದು ಮನಸ್ಸಿನಲ್ಲಿಟ್ಟುಕೊಂಡವಳು ದೊಡ್ಡ ಸಾಲ ಹೊತ್ತು ಹೆಸರಿನ ಹಿಂದೆ ಹೋಗುವ ಮೊದಲು ಕಾಗದ ಪೆನ್ನು ಹಿಡಿದು ಮನೆಯವರ ಜೊತೆ ಒಮ್ಮೆ ಕೂರಬೇಕು. ವಿದ್ಯಾರ್ಥಿವೇತನ ಸಿಗುವುದಾದರೆ ಲೆಕ್ಕವೇ ಬೇರೆ. ಶಮ್ನಾದ್ ಬಷೀರರು 2010ರಲ್ಲಿ ಆರಂಭಿಸಿದ 'ಇಡಿಯಾ' ಸಂಸ್ಥೆ ಅನುಕೂಲವಿಲ್ಲದ ಮನೆಗಳ ಮಕ್ಕಳನ್ನು ಈ ಕಾಲೇಜುಗಳಿಗೆ ಸೇರಿಸಿ ನೆರವಾಗುತ್ತಿದೆ. ಅಂಥ ಮಕ್ಕಳು ನಿಮ್ಮ ಚಾಳಿನಲ್ಲಿ, ಕಾಲೋನಿಯಲ್ಲಿ ಇದ್ದರೆ ದಯವಿಟ್ಟು ಹೇಳಿ.

ಹಾಗಾದರೆ ಇನ್ನೊಂದು ದಾರಿ ಯಾವುದು? ಮುಂಬಯಿಯವರಿಗೆ ಅದು ಚರ್ಚ್‌ಗೇಟ್ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿದೆ. ಸರ್ಕಾರಿ ಕಾನೂನು ಕಾಲೇಜು 1855ರಲ್ಲಿ ಆರಂಭವಾದದ್ದು. ಬಾಬಾಸಾಹೇಬ ಅಂಬೇಡ್ಕರರು 1935ರಲ್ಲಿ ಅದರ ಪ್ರಾಂಶುಪಾಲರಾದರು. ಅಲ್ಲಿನ ಶುಲ್ಕ ಈಗಲೂ ಸಾವಿರದ ಲೆಕ್ಕ, ಲಕ್ಷದ ಲೆಕ್ಕವಲ್ಲ. ಪ್ರವೇಶ ರಾಜ್ಯದ ಸಿ.ಇ.ಟಿ. ಮೂಲಕ. ಪುಣೆಯವರಿಗೆ 1924ರ ಐ.ಎಲ್.ಎಸ್. ಕಾಲೇಜಿದೆ. ದೆಹಲಿಯವರಿಗೆ ವಿಶ್ವವಿದ್ಯಾಲಯದ ಕಾನೂನು ವಿಭಾಗವಿದೆ, ಅದೂ 1924ರದ್ದೇ. ಮುಂಬಯಿಯ ಕಾಲೇಜಿಗೆ ಇನ್ನೊಂದು ಅನುಕೂಲ ಇದೆ. ತರಗತಿ ಮುಗಿಸಿ ಹುಡುಗರು ಫೋರ್ಟಿನ ಛೇಂಬರುಗಳಲ್ಲಿ, ಸಾಲಿಸಿಟರ್ ಕಚೇರಿಗಳಲ್ಲಿ ವರ್ಷಗಟ್ಟಲೆ ಕೆಲಸ ಕಲಿಯುತ್ತಾರೆ. ಕ್ಯಾಂಪಸ್ಸಿನ ಬಾಗಿಲಿನಿಂದ ಬಾರದಿದ್ದರೂ ಈ ಪಕ್ಕದ ಬಾಗಿಲಿನಿಂದ ದೊಡ್ಡ ಫರ್ಮು ಸೇರಿದವರಿದ್ದಾರೆ. ಮೂರು ವರ್ಷ ಆರ್ಟಿಕಲ್ಡ್ ಕ್ಲಾರ್ಕಾಗಿ ದುಡಿದು ಬಾಂಬೆ ಇನ್‌ಕಾರ್ಪೊರೇಟೆಡ್ ಲಾ ಸೊಸೈಟಿಯ ಸಾಲಿಸಿಟರ್ ಪರೀಕ್ಷೆ ಪಾಸು ಮಾಡುವ ಹಳೆಯ ದಾರಿಯೂ ಮುಚ್ಚಿಲ್ಲ. ಪರೀಕ್ಷೆ ಕಷ್ಟ, ಪಾಸಾದವರಿಗೆ ಈ ಊರಿನಲ್ಲಿ ಇಂದಿಗೂ ಮರ್ಯಾದೆ ಇದೆ.

ನ್ಯಾಯಾಲಯದಲ್ಲಿ ಐದಾರು ವರ್ಷ ಕಳೆದ ಮೇಲೆ ನೀವು ಓದಿದ ಕಾಲೇಜು ಯಾವುದೆಂದು ಯಾರೂ ಕೇಳುವುದಿಲ್ಲ. 2017ರಿಂದ 2022ರವರೆಗೆ ದೇಶದ ಅಟಾರ್ನಿ ಜನರಲ್ ಆಗಿದ್ದ ಕೆ. ಕೆ. ವೇಣುಗೋಪಾಲ್ ಮಂಗಳೂರಿನಲ್ಲಿ ಬೆಳೆದು ಬೆಳಗಾವಿಯ ರಾಜಾ ಲಖಮಗೌಡ ಕಾಲೇಜಿನಲ್ಲಿ ಕಾನೂನು ಓದಿದವರು. ನ್ಯಾಯಮೂರ್ತಿ ಬಿ. ವಿ. ನಾಗರತ್ನ ದೆಹಲಿ ವಿಶ್ವವಿದ್ಯಾಲಯದಲ್ಲಿ ಓದಿ, 1987ರಲ್ಲಿ ಬೆಂಗಳೂರಿನಲ್ಲಿ ಸನ್ನದು ಪಡೆದು, 2008ರಲ್ಲಿ ಕರ್ನಾಟಕ ಹೈಕೋರ್ಟಿಗೂ 2021ರಲ್ಲಿ ಸುಪ್ರೀಂ ಕೋರ್ಟಿಗೂ ನ್ಯಾಯಾಧೀಶರಾದವರು. ಆದರೆ ಇಂಥ ಹೆಸರುಗಳನ್ನು ಹೇಳುವಾಗ ಪೂರ್ತಿ ಹೇಳಬೇಕು. ಅವರ ತಂದೆ ಇ. ಎಸ್. ವೆಂಕಟರಾಮಯ್ಯನವರು 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾಗಿದ್ದವರು. ವೇಣುಗೋಪಾಲರ ತಂದೆಯೂ ಹೆಸರಾಂತ ಬ್ಯಾರಿಸ್ಟರು. ಮನೆಯಲ್ಲಿ ಕಾನೂನು ಪುಸ್ತಕಗಳ ಕಪಾಟು ಇದ್ದವರಿಗೆ ದಾರಿ ಬೇಗ ತಿಳಿಯುತ್ತದೆ. ಅಪ್ಪ ಹೋಟೆಲಿನಲ್ಲೋ ಮಿಲ್ಲಿನಲ್ಲೋ ದುಡಿದ ಮನೆಯಿಂದ ಬಂದವರು ಕಕ್ಷಿದಾರರನ್ನು ಒಬ್ಬೊಬ್ಬರಾಗಿ ಸಂಪಾದಿಸಬೇಕು. ತಂದೆಯವರು ಹೇಳಿದ 'ತಣ್ಣೀರು ಬಟ್ಟೆ' ಆ ವರ್ಷಗಳದ್ದು. ಹತ್ತಲ್ಲದಿದ್ದರೂ ನಾಲ್ಕೈದು ವರ್ಷ ಎಂದು ನನ್ನ ಅಂದಾಜು.

ಆದರೆ ಈ ಬರಗಾಲದ ವರ್ಷಗಳನ್ನು ದಾಟಲು ಮುಂಬಯಿಯ ಎರಡನೆಯ ತಲೆಮಾರಿನ ಕನ್ನಡಿಗರಿಗೆ ಒಂದು ಬಂಡವಾಳವಿದೆ, ಅದನ್ನು ಯಾರೂ ಬಂಡವಾಳವೆಂದು ಎಣಿಸುವುದಿಲ್ಲ. ಅದು ಅಪ್ಪ ಅಮ್ಮ ಕಷ್ಟಪಟ್ಟು ಕೊಂಡ ಎರಡು ಕೋಣೆಯ ಮನೆ. ಲಾತೂರಿನಿಂದ ಅಥವಾ ಕೊಲ್ಹಾಪುರದಿಂದ ಹೈಕೋರ್ಟಿಗೆ ವಕೀಲಿ ಮಾಡಲು ಬಂದ ಹುಡುಗ ತನ್ನ ಭತ್ಯೆಯನ್ನೆಲ್ಲ ಬಾಡಿಗೆಗೆ ಸುರಿಯುತ್ತಾನೆ. ನೀವು ಕಲ್ಯಾಣದಿಂದಲೋ ಮೀರಾ ರೋಡಿನಿಂದಲೋ ಡಬ್ಬಿ ಕಟ್ಟಿಕೊಂಡು ಹೊರಡಬಹುದು. ಸಾಲವಿಲ್ಲದೆ ಓದಿ ಬಾಡಿಗೆಯಿಲ್ಲದೆ ಇದ್ದರೆ 15,000 ರೂಪಾಯಿಯಲ್ಲೂ ನಾಲ್ಕು ವರ್ಷ ತಡೆಯಬಹುದು. ಹೆಸರಾಂತ ಕಾಲೇಜಿನ ಹುಡುಗ ಸಾಲದಿಂದಾಗಿ ಮಾಡಲಾರದ್ದನ್ನು ನೀವು ಮಾಡಬಲ್ಲಿರಿ.

ಆರಂಭದ ಖರ್ಚೂ ಈಗ ಕಡಿಮೆಯಾಗಿದೆ. ಸನ್ನದು ಪಡೆಯಲು ರಾಜ್ಯ ಪರಿಷತ್ತುಗಳು ಮೊದಲು ಹದಿನೈದು ಸಾವಿರದಿಂದ ನಲವತ್ತು ಸಾವಿರದವರೆಗೆ ಕೀಳುತ್ತಿದ್ದವು. ಸುಪ್ರೀಂ ಕೋರ್ಟು 2024ರ ಜುಲೈ 30ರಂದು ಅದಕ್ಕೆ ತಡೆ ಹಾಕಿ, ಕಾಯಿದೆಯಲ್ಲಿರುವಂತೆ ಸಾಮಾನ್ಯ ವರ್ಗದವರಿಂದ 750, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಂದ 125 ರೂಪಾಯಿ ಮಾತ್ರ ಪಡೆಯತಕ್ಕದ್ದು ಎಂದಿತು. ಹೆಚ್ಚು ಕೇಳಿದರೆ ಈ ತೀರ್ಪಿನ ದಿನಾಂಕವನ್ನು ನೆನಪಿಸಿ. ಸನ್ನದು ಸಿಕ್ಕಿ ಎರಡು ವರ್ಷದೊಳಗೆ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು. ಅದರ ಬಗ್ಗೆ ಭಯ ಬೇಡ.

ಈಗ ಕನ್ನಡದ ಮಾತು. ಈ ಅಂಕಣವನ್ನು ಅಮ್ಮನಿಂದ ಓದಿಸಿಕೊಂಡು ಕೇಳುತ್ತಿರುವವರು ಕೆಲವರಿದ್ದೀರೆಂದು ಬಲ್ಲೆ. ಅವರು ಸ್ವಲ್ಪ ಕಿವಿಗೊಟ್ಟು ಕೇಳಿ.

1956ರ ನವೆಂಬರಿನವರೆಗೆ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳ ಮೇಲ್ಮನವಿಗಳು ಮುಂಬಯಿ ಹೈಕೋರ್ಟಿಗೇ ಬರುತ್ತಿದ್ದವು. ಕನ್ನಡ ದಸ್ತಾವೇಜು ಓದಬಲ್ಲ ವಕೀಲರು ಇಲ್ಲಿ ಆಗ ಬೇಕೇ ಬೇಕಿತ್ತು. ರಾಜ್ಯ ಬೇರೆಯಾದರೂ ಕೆಲಸ ಪೂರ್ತಿ ನಿಂತಿಲ್ಲ. ನಮ್ಮಲ್ಲಿ ಎಷ್ಟು ಮನೆಗಳಿಗೆ ಊರಿನಲ್ಲಿ ಒಂದು ತುಂಡು ಜಾಗ, ಒಂದು ಪಾಲಿನ ತಕರಾರು ಇಲ್ಲ ಹೇಳಿ? ಉಡುಪಿ, ಕುಂದಾಪುರದ ಮನೆಗಳಲ್ಲಿ ಮೂಲಗೇಣಿ, ಅಳಿಯಸಂತಾನ ಕಟ್ಟಿನ ಕುಟುಂಬದ ಆಸ್ತಿ, 1974ರ ಭೂಸುಧಾರಣೆಯ ಡಿಕ್ಲರೇಷನ್ ಅರ್ಜಿಗಳ ಹಳೆಯ ಕಾಗದ. ವಿಜಯಪುರ, ಬೆಳಗಾವಿಯವರಿಗೆ ಪಹಣಿ, ವಾಟ್ನಿ ಪತ್ರ. 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, 2005ರ ತಿದ್ದುಪಡಿಯ ವೇಳೆಗೆ ತಂದೆ ತೀರಿಕೊಂಡಿದ್ದರೂ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಎಂದಿತು. ಆಮೇಲೆ ಮುಂಬಯಿಗೆ ಮದುವೆಯಾಗಿ ಬಂದ ಎಷ್ಟೋ ಅತ್ತೆಯರು, ಚಿಕ್ಕಮ್ಮಂದಿರು ತವರಿನ ಪಾಲಿನ ಬಗ್ಗೆ ವಿಚಾರಿಸತೊಡಗಿದರು. ಅವರು ಟ್ರಂಕಿನಿಂದ ತೆಗೆದು ತರುವ ಕಾಗದ ಕನ್ನಡದಲ್ಲಿರುತ್ತದೆ. ಅದನ್ನು ಓದಿ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ವಿವರಿಸಬಲ್ಲ ಇಪ್ಪತ್ತೈದರ ವಯಸ್ಸಿನ ವಕೀಲರು ಈ ಊರಿನಲ್ಲಿ ಎಷ್ಟು ಮಂದಿ ಇದ್ದಾರು? ಮೊದಲ ಕಕ್ಷಿದಾರರು ನಿಮಗೆ ಸಂಘದ ಸಭಾಂಗಣದಲ್ಲೇ ಸಿಕ್ಕಿಯಾರು. ಇದು ಭಾಷಾಭಿಮಾನದ ಭಾಷಣವಲ್ಲ, ಹೊಟ್ಟೆಪಾಡಿನ ಮಾತು.

ಹೈಕೋರ್ಟು, ಸುಪ್ರೀಂ ಕೋರ್ಟುಗಳ ಭಾಷೆ ಇಂಗ್ಲಿಷ್ ನಿಜ. ಆದರೆ ಸಾಕ್ಷಿ ನುಡಿಯುವುದು ಕೆಳಗಿನ ಕೋರ್ಟಿನಲ್ಲಿ, ಅಲ್ಲಿ ಊರಿನ ಭಾಷೆ ಬೇಕು. ಶಾಲೆಯಲ್ಲಿ ಮರಾಠಿ ಕಲಿತ ನಿಮಗೆ ಮಹಾರಾಷ್ಟ್ರದ ಕೋರ್ಟು ಕಷ್ಟವಲ್ಲ. ಅದರ ಮೇಲೆ ಓದು ಬರಹದ ಕನ್ನಡವೂ ಬಂದರೆ ಎರಡು ರಾಜ್ಯಗಳ ಬಾಗಿಲು ತೆರೆಯುತ್ತದೆ. ಇದು ನ್ಯಾಯಾಧೀಶರ ಹುದ್ದೆಗೂ ಅನ್ವಯ. ಕರ್ನಾಟಕದ ಸಿವಿಲ್ ನ್ಯಾಯಾಧೀಶರ ಪರೀಕ್ಷೆಯಲ್ಲಿ ಕನ್ನಡ–ಇಂಗ್ಲಿಷ್ ಅನುವಾದದ ಪತ್ರಿಕೆಯೇ ಇದೆ, ಮಹಾರಾಷ್ಟ್ರದಲ್ಲಿ ಮರಾಠಿ ಬಲ್ಲವರಾಗಿರಬೇಕೆಂಬ ನಿಯಮವಿದೆ. ಈ ಹುದ್ದೆಯ ಆರಂಭದ ಮೂಲವೇತನ 77,840 ರೂಪಾಯಿ, ಮೇಲೆ ತುಟ್ಟಿಭತ್ಯೆ ಮತ್ತಿತರ ಸೌಲಭ್ಯ. ಫರ್ಮಿನಷ್ಟಿಲ್ಲ, ಆದರೆ ಇದು ನಿಜವಾದ ಸಂಬಳ. ಓದು ಮುಗಿಸಿದವರು ನೇರವಾಗಿ ಈ ಪರೀಕ್ಷೆ ಬರೆಯಬಹುದೆಂದು 2002ರಲ್ಲಿ ಆಗಿತ್ತು, ನಮ್ಮ ಕೆ. ಜಗನ್ನಾಥ ಶೆಟ್ಟರ ಆಯೋಗದ ಶಿಫಾರಸಿನ ಫಲ ಅದು. ಸುಪ್ರೀಂ ಕೋರ್ಟು 2025ರ ಮೇ 20ರಂದು ಅದನ್ನು ಬದಲಿಸಿ, ಮೂರು ವರ್ಷ ವಕೀಲಿ ಮಾಡಿರಬೇಕೆಂಬ ಹಳೆಯ ನಿಯಮವನ್ನು ಮತ್ತೆ ತಂದಿತು. ಅಂದರೆ ನ್ಯಾಯಾಧೀಶೆಯಾಗುವ ಆಸೆಯುಳ್ಳವರಿಗೂ ಆ ಬರಗಾಲದ ಮೂರು ವರ್ಷ ತಪ್ಪಿದ್ದಲ್ಲ. ಸಾಲದ ಕಂತು ಕಟ್ಟುತ್ತ ಅದನ್ನು ದಾಟುವುದು ಹೇಗೆಂದು ಇನ್ನೊಮ್ಮೆ ಯೋಚಿಸಿ. ಅರ್ಜಿ ಹಾಕುವ ವರ್ಷದ ಪ್ರಕಟಣೆಯನ್ನು ಹೈಕೋರ್ಟಿನಿಂದಲೇ ತರಿಸಿ ನೋಡುವುದು ಒಳ್ಳೆಯದು.

ಕಂಪೆನಿಗಳ ಕಾನೂನು ವಿಭಾಗದ ನೌಕರಿಯ ಬಗ್ಗೆ ಒಬ್ಬರು ಕೇಳಿದ್ದಾರೆ. ಸಂಬಳ ನಿಯಮಿತ, ಸಂಜೆ ಮನೆಗೆ ಬರಬಹುದು. ಆದರೆ ಪೂರ್ಣಾವಧಿ ನೌಕರಿಗೆ ಸೇರುವಾಗ ಸನ್ನದನ್ನು ಅಮಾನತಿನಲ್ಲಿಡಬೇಕು, ಕೋರ್ಟಿನಲ್ಲಿ ವಾದಿಸುವಂತಿಲ್ಲ. ಫರ್ಮಿನಲ್ಲಿ ಐದಾರು ವರ್ಷ ದುಡಿದು ದಣಿದವರು ಹೆಚ್ಚಾಗಿ ಬಂದು ಸೇರುವುದು ಇಲ್ಲಿಗೆ.

ಪತ್ರ ಬರೆದ ಹುಡುಗಿ ಯಾವ ಕಾಲೇಜು ಎಂದು ನೇರವಾಗಿ ಕೇಳಿದ್ದಾಳೆ, ನೇರವಾಗಿಯೇ ಹೇಳುತ್ತೇನಮ್ಮ. ಕ್ಲ್ಯಾಟಿನಲ್ಲಿ ಮೇಲಿನ ಐದಾರು ಕಾಲೇಜುಗಳಲ್ಲಿ ಒಂದು ಸಿಕ್ಕಿ, ಕರಾರಿನ ಕೆಲಸ ನಿನಗೆ ಒಗ್ಗುವಂತಿದ್ದರೆ ಸಾಲ ಮಾಡಿಯಾದರೂ ಹೋಗು, ಅದು ತೀರುವ ಸಾಲ. ಆ ಐದಾರರ ಕೆಳಗಿನ ಯಾವುದೋ ಹೊಸ ಕಾಲೇಜಿಗೆ, 'ರಾಷ್ಟ್ರೀಯ' ಎಂಬ ಹೆಸರಿದೆಯೆಂದು ಅಷ್ಟೇ ಸಾಲ ಮಾಡಿ ದೂರದ ಊರಿಗೆ ಹೋಗುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅಲ್ಲಿ ಶುಲ್ಕ ದೊಡ್ಡದು, ದೊಡ್ಡ ಫರ್ಮುಗಳು ಬರುವುದು ಕಡಿಮೆ. ಅದಕ್ಕಿಂತ ಚರ್ಚ್‌ಗೇಟಿನ ಹಳೆಯ ಕಟ್ಟಡ ಎಷ್ಟೋ ವಾಸಿ.

ಮುಂದಿನ ಸಂಚಿಕೆಯಲ್ಲಿ ಕಂಪೆನಿ ಸೆಕ್ರೆಟರಿ ಪರೀಕ್ಷೆಯ ಬಗ್ಗೆ ಬರೆಯುವ ವಿಚಾರವಿದೆ. ಪ್ರಶ್ನೆಗಳಿದ್ದರೆ ಸಂಘದ ಕಚೇರಿಯ ವಿಳಾಸಕ್ಕೆ ಕಳುಹಿಸಿ. ಕನ್ನಡ ಬರೆಯಲು ಬಾರದವರು ಇಂಗ್ಲಿಷಿನಲ್ಲೇ ಬರೆಯಿರಿ, ಸಂಕೋಚ ಬೇಡ, ಉತ್ತರ ಮಾತ್ರ ಇಲ್ಲಿ ಕನ್ನಡದಲ್ಲೇ ಬರುತ್ತದೆ.